ವರ್ಗ ಮತ್ತು ನಿದರ್ಶನ

ಗಣಕಯಂತ್ರಕ್ಕೆ ಪ್ರೋಗ್ರಾಂ ಬರೆಯಲು ಕಲಿಯತೊಡಗಿದವರಿಗೆ ‘ಕ್ಲಾಸ್’ ಮತ್ತು ‘ಇನ್‌ಸ್ಟನ್ಸ್’ ಎಂಬ ಪದಗಳು ಬಹುಬೇಗ ಎದುರಾಗುತ್ತವೆ. ನಾರ್ವೆಯ ಡಾಲ್ ಮತ್ತು ನ್ಯೂಗೋರ್ಡ್ ಎಂಬವರು 1967ರ ಸಿಮುಲಾ ಭಾಷೆಯಲ್ಲಿ ಈ ಕಲ್ಪನೆಗೆ ರೂಪ ಕೊಟ್ಟರು. ನಾವು ಇವನ್ನು ವರ್ಗ, ನಿದರ್ಶನ ಎಂದು ಕರೆದು, ಇವುಗಳ ಭೇದವನ್ನು ನಿತ್ಯಪರಿಚಿತವಾದ ಒಂದು ಉಪಕರಣದ ಮೂಲಕ ವಿಚಾರಿಸೋಣ.

ಮೈಸೂರಿನ ಕೃಷ್ಣಮೂರ್ತಿಪುರಂನ ಮನೆಗಳಲ್ಲಿ ವಿದ್ಯುತ್ ಮೀಟರುಗಳಿವೆ. ಒಂದೊಂದು ಸಂಪರ್ಕಕ್ಕೂ ತನ್ನದೇ ಆದ ಆರ್.ಆರ್. ಸಂಖ್ಯೆಯುಂಟು. ಮನೆ ಯಾವುದಾದರೂ ಎಣಿಕೆಯ ನಿಯಮ ಒಂದೇ: ವ್ಯಾಟುಗಳನ್ನು ಗಂಟೆಗಳಿಂದ ಗುಣಿಸಿ 1,000ದಿಂದ ಭಾಗಿಸಿದರೆ ಯೂನಿಟ್ಟುಗಳು ದೊರೆಯುತ್ತವೆ. ಅಕ್ಕಪಕ್ಕದ ಎರಡು ಮೀಟರುಗಳು 4,210 ಮತ್ತು 1,875 ಎಂದು ತೋರಿಸುತ್ತಿವೆಯೆಂದು ಭಾವಿಸೋಣ. ಮೊದಲನೆಯ ಮನೆಯಲ್ಲಿ 100 ವ್ಯಾಟಿನ ದೀಪವೊಂದು 10 ಗಂಟೆ ಉರಿದರೆ ಅಲ್ಲಿಯ ಅಂಕಿ 4,211ಕ್ಕೆ ಏರುವುದು. ಆ ದೀಪದಿಂದ ಪಕ್ಕದ ಮನೆಯ ಅಂಕಿ ಕದಲದು.

ಮೀಟರಿನಲ್ಲಿ ಏನೇನಿರಬೇಕು, ಅದು ಹೇಗೆ ಎಣಿಸಬೇಕು ಎಂಬ ವಿವರಣೆಯೇ ವರ್ಗ. ಆ ವಿವರಣೆಯಂತೆ ನಿರ್ಮಿತವಾಗಿ, ತನ್ನ ಅಂಕಿಯನ್ನು ತಾನೇ ಧರಿಸಿರುವ ಒಂದೊಂದು ಮೀಟರೂ ನಿದರ್ಶನ. ನಿಯಮವನ್ನು ವರ್ಗದಲ್ಲಿ ಒಮ್ಮೆ ಬರೆದರೆ ಸಾಕು, ಅಂಕಿಯಾದರೋ ನಿದರ್ಶನಕ್ಕೊಂದು. ಆದುದರಿಂದ ‘ಮೀಟರೆಂಬ ವರ್ಗವು ಎಷ್ಟು ಯೂನಿಟ್ ತೋರಿಸುತ್ತಿದೆ?’ ಎಂಬ ಪ್ರಶ್ನೆಗೆ ಅರ್ಥವಿಲ್ಲ. ಯಾವ ಮೀಟರೆಂದು ಹೇಳಲೇಬೇಕು. ಪೈಥಾನ್ ಭಾಷೆಯಲ್ಲಿ ‘ಸೆಲ್ಫ್’ ಎಂಬ ಹೆಸರು ಮಾಡುವ ಕೆಲಸ ಇದೇ. ಆದೇಶವು ಯಾವ ನಿದರ್ಶನಕ್ಕೆ ಸಂಬಂಧಿಸಿದ್ದೆಂಬುದನ್ನು ಅದು ಸೂಚಿಸುತ್ತದೆ.

ಈ ಭಾಷೆಯಲ್ಲಿ ಹೊಸಬರು ಎಡವುವ ಸ್ಥಳಗಳು ಮುಖ್ಯವಾಗಿ ಎರಡು. ‘ಮೀಟರು2 = ಮೀಟರು1’ ಎಂದು ಬರೆದ ಮಾತ್ರಕ್ಕೆ ಎರಡನೆಯ ಮೀಟರು ಹುಟ್ಟುವುದಿಲ್ಲ; ಒಂದೇ ಮೀಟರಿಗೆ ಎರಡು ಹೆಸರುಗಳಾಗುತ್ತವೆ, ಅಷ್ಟೆ. ಹೊಸದು ಬೇಕಾದರೆ ವರ್ಗವನ್ನು ಮತ್ತೊಮ್ಮೆ ಕರೆಯಬೇಕು. ಇನ್ನೊಂದು ದೋಷ ಇದಕ್ಕಿಂತ ಸೂಕ್ಷ್ಮವಾದುದು. ತಿಂಗಳ ಅಂಕಿಗಳನ್ನು ಸೇರಿಸುತ್ತ ಹೋಗುವ ಪಟ್ಟಿಯನ್ನು ವರ್ಗದಲ್ಲಿಯೇ ಇಟ್ಟರೆ ಎಲ್ಲ ಮೀಟರುಗಳೂ ಆ ಒಂದೇ ಪಟ್ಟಿಯಲ್ಲಿ ಬರೆಯುತ್ತವೆ. ಗಣಕವು ತಪ್ಪೆಂದು ಎಚ್ಚರಿಸುವುದಿಲ್ಲ. ಒಬ್ಬರ ಬಳಕೆ ಸದ್ದಿಲ್ಲದೆ ಇನ್ನೊಬ್ಬರ ಬಿಲ್ಲಿಗೆ ಸೇರಿಹೋಗುತ್ತದೆ.

ಆದಕಾರಣ ಯಾವ ಅಂಶವನ್ನು ಬರೆಯುವ ಮುನ್ನವೂ ಹೀಗೆ ಕೇಳಿಕೊಳ್ಳಬೇಕು: ಇದು ಎಲ್ಲ ಮೀಟರುಗಳಿಗೂ ಸಮಾನವೋ, ಒಂದೊಂದಕ್ಕೆ ಬೇರೆಬೇರೆಯೋ? 1,000 ಎಂಬ ಭಾಜಕವು ವರ್ಗಕ್ಕೆ ಸೇರಿದುದು. 4,211 ನಿದರ್ಶನಕ್ಕೆ ಸೇರಿದುದು. ಹಾಗಾದರೆ ಯೂನಿಟ್ಟಿನ ದರವು ಎಲ್ಲಿಗೆ ಸೇರಬೇಕು? ಮನೆಗೊಂದು ದರ, ಅಂಗಡಿಗೊಂದು ದರ ಎಂಬುದನ್ನು ನೆನಪಿನಲ್ಲಿಟ್ಟುಕೊಂಡು ವಾಚಕರೇ ಆಲೋಚಿಸಲಿ.