ತೋಟಗಳ ನಡುವೆ ಉಳಿದ ಬನ

ಶಿವರಾಮ ಕಾರಂತರ ‘ಬೆಟ್ಟದ ಜೀವ’ ಪ್ರಕಟವಾದದ್ದು 1943ರಲ್ಲಿ. ಸುಬ್ರಹ್ಮಣ್ಯದ ಬೆಟ್ಟಗಳ ನಡುವೆ ಕಾಡು ಸವರಿ ತೋಟ ಎಬ್ಬಿಸಿದ ಜೀವಗಳ ಕಥೆ ಅದು. ಸುತ್ತ ಕಾಡು, ನಡುವೆ ಒಂದಿಷ್ಟು ತೋಟ. ಎಂಬತ್ತು ವರ್ಷಗಳಲ್ಲಿ ಪುತ್ತೂರು, ಸುಳ್ಯ, ಕಡಬದ ತಗ್ಗಿನ ಊರುಗಳಲ್ಲಿ ಈ ಚಿತ್ರ ಪೂರ್ತಿ ತಿರುವುಮುರುವಾಗಿದೆ. ಈಗ ಸುತ್ತ ಅಡಿಕೆ, ರಬ್ಬರು. ನಡುವೆ ಒಂದಿಷ್ಟು ಕಾಡು. ನಾಗನದ್ದೋ ದೈವದ್ದೋ ಎಂಬ ಕಾರಣಕ್ಕೆ ಕತ್ತಿ ತಾಗದೆ ಉಳಿದ ಹತ್ತು ಸೆಂಟ್ಸು, ಮೂವತ್ತು ಸೆಂಟ್ಸು, ಅಪರೂಪಕ್ಕೆ ಎರಡೆಕರೆ ಬನ.

ನಾನು ಸುಳ್ಯ ತಾಲೂಕಿನ ಅಡಿಕೆ ಕೃಷಿಕ. ನಮ್ಮ ಕುಟುಂಬದ ಬನ, ಕರೆದಲ್ಲಿ ನೆರೆಕರೆಯವರ ಬನ, ಇವುಗಳ ಆರೈಕೆ ಮಾಡುತ್ತ ಬಂದಿದ್ದೇನೆ. ಸಮುದ್ರದ ನಡುವಿನ ದ್ವೀಪದಲ್ಲಿ ಜೀವಜಾತಿಗಳಿಗೆ ಏನೇನು ಸಂಕಟವೋ ಅದೆಲ್ಲ ಇಲ್ಲಿಯೂ ಇದೆ. ದ್ವೀಪ ಚಿಕ್ಕದಾದಷ್ಟೂ, ದೊಡ್ಡ ನೆಲದಿಂದ ದೂರವಾದಷ್ಟೂ ಅಲ್ಲಿ ಉಳಿಯುವ ಜಾತಿಗಳು ಕಡಿಮೆ ಎಂದು ರಾಬರ್ಟ್ ಮ್ಯಾಕ್‌ಆರ್ಥರ್ ಮತ್ತು ಎಡ್ವರ್ಡ್ ವಿಲ್ಸನ್ 1967ರಲ್ಲಿ ಪುಸ್ತಕ ಬರೆದು ತೋರಿಸಿದರು. ಬನದ ಅಳತೆ ದೊಡ್ಡದು ಮಾಡುವುದು ನಮ್ಮ ಕೈಯಲ್ಲಿ ಹೆಚ್ಚಾಗಿ ಇಲ್ಲ. ದೂರ ಕಡಿಮೆ ಮಾಡುವುದು ಇದೆ. ಆದ್ದರಿಂದ ಬನ ಉಳಿಸುವ ಕೆಲಸದಲ್ಲಿ ಮುಕ್ಕಾಲು ಪಾಲು ಬನದ ಹೊರಗೇ ಆಗಬೇಕು ಎಂದು ನಾನು ನಂಬಿದ್ದೇನೆ.

1. ಮೊದಲು ನೆಲ ನೋಡಿ

ಬನಕ್ಕೆ ಹೋದವರು ತಲೆ ಎತ್ತಿ ಮರ ನೋಡುತ್ತಾರೆ. ಮೂರಾಳು ತಬ್ಬುವ ದೂಪ, ಕಿರಾಲ್‌ಬೋಗಿ, ಹೆಬ್ಬಲಸು ಕಂಡರೆ ‘ಒಳ್ಳೆಯ ಕಾಡು’ ಎಂದು ಸಮಾಧಾನಪಡುತ್ತಾರೆ. ನೋಡಬೇಕಾದದ್ದು ಬುಡವನ್ನು. ಮೊಣಕಾಲೆತ್ತರದ ಸಸಿ ಇದೆಯೇ? ಸೊಂಟದೆತ್ತರದ್ದು? ತೋಳು ದಪ್ಪದ ಎಳೆ ಮರ? ಈ ಮೂರೂ ತಲೆಮಾರು ಕಂಡರೆ ಆ ಬನಕ್ಕೆ ಮುಂದಿನ ನೂರು ವರ್ಷ ಇದೆ. ಮುದಿ ಮರ ಮಾತ್ರ ಇದ್ದು ಕೆಳಗೆ ಖಾಲಿಯಾಗಿದ್ದರೆ, ಅಲ್ಲಿ ನಿಂತಿರುವುದು ಕೊನೆಯ ತಲೆಮಾರು. ದೂಪ ನೂರಾರು ವರ್ಷ ಬಾಳುವ ಮರವಾದ್ದರಿಂದ ಆ ಅಳಿವು ನಮ್ಮ ಜೀವಮಾನದಲ್ಲಿ ಕಣ್ಣಿಗೆ ಬೀಳುವುದಿಲ್ಲ.

ಪನಾಮಾ ಕಾಲುವೆಗಾಗಿ ಚಾಗ್ರೆಸ್ ನದಿಗೆ ಅಣೆಕಟ್ಟು ಕಟ್ಟಿದಾಗ ಒಂದು ಕಾಡುಗುಡ್ಡದ ಸುತ್ತ ನೀರು ನಿಂತು, 1914ರ ಹೊತ್ತಿಗೆ ಅದು ಬ್ಯಾರೊ ಕೊಲರಾಡೊ ಎಂಬ ದ್ವೀಪವಾಯಿತು. ಸುಮಾರು 15 ಚದರ ಕಿಲೋಮೀಟರ್. ಕೊಡಲಿ ಮುಟ್ಟದಂತೆ ಕಾದರು, ವಿಜ್ಞಾನಿಗಳು ದಶಕಗಟ್ಟಲೆ ಲೆಕ್ಕ ಇಟ್ಟರು. ಅಷ್ಟಾದರೂ 60ಕ್ಕೂ ಹೆಚ್ಚು ಜಾತಿಯ ಹಕ್ಕಿಗಳು ಅಲ್ಲಿಂದ ಮಾಯವಾದವು. ಅಷ್ಟು ದೊಡ್ಡ ಕಾಡಿನ ಗತಿಯೇ ಹಾಗಾದರೆ, ನಮ್ಮ ಮೂವತ್ತು ಸೆಂಟ್ಸಿಗೆ ‘ಯಾರೂ ಕಡಿಯುವುದಿಲ್ಲ’ ಎಂಬ ಭರವಸೆಯೊಂದೇ ಸಾಲದು.

2. ಬನದ ಪ್ರಾಣ ಕುಮ್ಕಿಯಲ್ಲಿದೆ

ಕುಮ್ಕಿ ಎಂದರೆ ನಮ್ಮ ಜಿಲ್ಲೆಯವರಿಗೆ ವಿವರಿಸಬೇಕಿಲ್ಲ. ವರ್ಗ ಜಮೀನಿನ ಗಡಿಯಿಂದ 100 ಗಜದೊಳಗಿನ ಸರ್ಕಾರಿ ಭೂಮಿ. ಸೊಪ್ಪು, ತರಗೆಲೆ, ಕಟ್ಟಿಗೆ ತೆಗೆಯುವ ಹಕ್ಕು ಕೃಷಿಕನದ್ದು. ಹಟ್ಟಿಗೆ ಸೊಪ್ಪು ಬೇಕಾಗಿದ್ದ ಕಾಲದಲ್ಲಿ ಕುಮ್ಕಿಯಲ್ಲಿ ಮರಗಿಡ ಇರಲೇಬೇಕಿತ್ತು. ಹೀಗೆ ಬನದ ಸುತ್ತ ತಾನಾಗಿ ಒಂದು ಹಸಿರು ಪಟ್ಟಿ ಉಳಿದಿತ್ತು. ಹಟ್ಟಿ ಬರಿದಾಯಿತು, ರಸಗೊಬ್ಬರ ಬಂತು, ಕುಮ್ಕಿಗೆ ಜೆಸಿಬಿ ಇಳಿಯಿತು. ಈಗ ಎಷ್ಟೋ ಕಡೆ ರಬ್ಬರಿನ ಕೊನೆಯ ಸಾಲಿಗೆ ತಾಗಿಯೇ ಬನ.

ಅಂಚು ಹೀಗೆ ತೆರೆದುಕೊಂಡಾಗ ಏನಾಗುತ್ತದೆಂದು ಹತ್ತಿರ ನಿಂತು ನೋಡಬೇಕು. ಪಡುವಣ ಬಿಸಿಲು ಓರೆಯಾಗಿ ಒಳಗೆ ಬೀಳುತ್ತದೆ. ಮರದ ಕಾಂಡದ ಹಾವಸೆ ಒಣಗಿ ಸಿಪ್ಪೆಯಂತೆ ಏಳುತ್ತದೆ. ಮೊದಲು ಬರುವುದು ಕಮ್ಯುನಿಸ್ಟ್ ಗಿಡ, ಅದರ ಬೆನ್ನಿಗೆ ಮೈಕೇನಿಯ ಬಳ್ಳಿ. ಎರಡೂ ಅಮೆರಿಕದ ಉಷ್ಣವಲಯದಿಂದ ಬಂದವು. ರಬ್ಬರಿನ ಅಡಿಗೆ ನೆಲಹೊದಿಕೆಯಾಗಿ ಹಾಕಿದ ಮ್ಯುಕುನಾ ಇದ್ದರಂತೂ ಅದು ಅಂಚಿನ ಮರವನ್ನು ಏರಿ ನೆತ್ತಿಯವರೆಗೆ ಮುಚ್ಚಿಬಿಡುತ್ತದೆ.

ಬಳ್ಳಿ ಕೀಳುವುದಕ್ಕೆ ಸರಿಯಾದ ಕಾಲ ಮಳೆಗಾಲದ ಶುರು. ನೆಲ ಮೆತ್ತಗಿದ್ದಾಗ ಬೇರು ಸಮೇತ ಬರುತ್ತದೆ, ಹೂ ಬೀಜವೂ ಆಗಿರುವುದಿಲ್ಲ. ಆದರೆ ಕಿತ್ತು ಬಿಟ್ಟರೆ ಮುಗಿಯಲಿಲ್ಲ. ಖಾಲಿ ಅಂಚಿಗೆ ಮತ್ತೆ ಅದೇ ಬರುತ್ತದೆ. ಅಲ್ಲಿ ದಟ್ಟವಾಗಿ ಬೆಳೆಯುವ ನಮ್ಮ ಗಿಡಗಳನ್ನೇ ತುಂಬಿಸಬೇಕು: ಪುನರ್ಪುಳಿ, ಕೇಪುಳ, ನೇರಳೆ, ಹೊಳೆಬದಿಯಾದರೆ ಮುಂಡೇವು. ನಾಲ್ಕೈದು ಮಳೆಗಾಲ ಕಳೆದಾಗ ಅಂಚು ಮುಚ್ಚಿಕೊಂಡು ಒಳಗೆ ಮತ್ತೆ ತಂಪು ನಿಲ್ಲುತ್ತದೆ.

ರಬ್ಬರನ್ನು ದೂರುವ ಮುನ್ನ ಅದರ ಚರಿತ್ರೆಯನ್ನೂ ನೆನೆಯಬೇಕು. 1964ರಲ್ಲಿ ಶಾಸ್ತ್ರಿ ಮತ್ತು ಸಿರಿಮಾವೊ ಬಂಡಾರನಾಯಿಕೆ ಮಾಡಿಕೊಂಡ ಒಪ್ಪಂದದಂತೆ ಶ್ರೀಲಂಕಾದ ತೋಟಗಳಲ್ಲಿ ತಲೆಮಾರುಗಳಿಂದ ದುಡಿದ ತಮಿಳರು ಭಾರತಕ್ಕೆ ಬಂದರು. ಅವರಲ್ಲಿ ಹಲವರಿಗೆ ಬದುಕು ಕಟ್ಟಿಕೊಟ್ಟದ್ದು ಸುಳ್ಯ, ಪುತ್ತೂರು ಸೀಮೆಯ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳು. ದ್ವೀಪವೊಂದರಲ್ಲಿ ನೆಲೆ ಕಳೆದುಕೊಂಡವರಿಗೆ ನಮ್ಮ ಕಾಡಿನ ನೆಲ ಆಸರೆಯಾಯಿತು. ಅವರ ಮಕ್ಕಳು, ಮೊಮ್ಮಕ್ಕಳು ಇಂದು ನಮ್ಮ ನೆರೆಕರೆ. ಬನದ ಕೆಲಸಕ್ಕೆ ಅವರನ್ನೂ ಕರೆಯಬೇಕು. ನಸುಕಿಗೇ ಟ್ಯಾಪಿಂಗಿಗೆ ಹೋಗುವವರಷ್ಟು ಕಾಡಿನ ಸುದ್ದಿ ತಿಳಿದವರು ಇನ್ನೊಬ್ಬರಿಲ್ಲ.

3. ಬೀಜ ಹೊರುವವರಿಗೆ ತಂಗುದಾಣ ಬೇಕು

ಮಾರ್ಚ್ ತಿಂಗಳಲ್ಲಿ ಮಂಗಟ್ಟೆ ಗೂಡು ಮಾಡಿದ ಮರದ ಬುಡಕ್ಕೆ ಹೋಗಿ ನೋಡಿ. ಹೆಣ್ಣು ಪೊಟರೆಯೊಳಗೆ ಕೂತು ಬಾಗಿಲು ಮೆತ್ತಿಕೊಂಡಿರುತ್ತದೆ. ಕೊಕ್ಕು ತೂರುವಷ್ಟೇ ಸೀಳು. ಗಂಡು ಹಣ್ಣು ತಂದು ಅದರೊಳಗೆ ಕೊಡುತ್ತದೆ. ತಿಂದ ಹಣ್ಣಿನ ಬೀಜಗಳೆಲ್ಲ ಕೆಳಗೆ ಬಿದ್ದಿರುತ್ತವೆ. ಪತ್ರೆ ಕಳಚಿದ ರಾಮಪತ್ರೆ ಬೀಜ ನುಣ್ಣಗೆ ಕಂದು ಬಣ್ಣಕ್ಕೆ ಹೊಳೆಯುತ್ತಿರುತ್ತದೆ. ಆ ಮರದ ಸುತ್ತ ರಾಮಪತ್ರೆ ಎಲ್ಲೂ ಇಲ್ಲವಾದರೆ, ಹಕ್ಕಿ ಅದನ್ನು ಇನ್ನೊಂದು ಬನದಿಂದ ಹೊತ್ತು ತಂದಿದೆ ಎಂದಾಯಿತು. ಎರಡು ಬನಗಳ ನಡುವೆ ಇರುವ ಸೇತುವೆ ಆ ಹಕ್ಕಿಯೇ.

ಹಕ್ಕಿ ಹಾರಿ ಬರಬೇಕಾದರೆ ನಡುದಾರಿಯಲ್ಲಿ ಕೂರಲು ಮರ ಬೇಕು. ಕೊಡಗಿನ ದೇವರಕಾಡುಗಳಲ್ಲಿ ಪೊನ್ನಂಪೇಟೆ ಅರಣ್ಯ ಕಾಲೇಜಿನ ಸಂಶೋಧಕರು ಸೇರಿ ನಡೆಸಿದ ಅಧ್ಯಯನಗಳು ತೋರಿಸಿದ್ದು ಇದನ್ನೇ: ಕಾಡುಮರದ ನೆರಳಿರುವ ಕಾಫಿ ತೋಟ ನಡುವೆ ಇರುವುದರಿಂದ ಅಲ್ಲಿನ ಚಿಕ್ಕ ಚಿಕ್ಕ ದೇವರಕಾಡುಗಳೂ ಜೀವಂತವಾಗಿವೆ. ಕರ್ನಾಟಕದ ಕಾಫಿ, ಅಡಿಕೆ, ರಬ್ಬರ್ ತೋಟಗಳ ಹಕ್ಕಿಗಳನ್ನು ಹೋಲಿಸಿದ ಅಧ್ಯಯನದಲ್ಲೂ ಕಾಫಿ ಮೇಲೆ, ರಬ್ಬರು ಕೆಳಗೆ. ನಮ್ಮಲ್ಲಿ ಕಾಫಿ ಕಡಿಮೆ. ಆದರೂ ಅಡಿಕೆ ತೋಟದ ಬದಿಯ ಬರೆಯಲ್ಲಿ ಒಂದು ಕಾಟು ಮಾವು, ತೋಡಿನ ಪಕ್ಕ ಒಂದು ಅತ್ತಿ, ಗೇಟಿನ ಹತ್ತಿರ ಒಂದು ಗೋಳಿ ಉಳಿಸಲು ಯಾರ ಅಪ್ಪಣೆಯೂ ಬೇಡ. ‘ನೆರಳು ಬೀಳುತ್ತದೆ’ ಎಂದು ಕಡಿಯಹೊರಟವರಿಗೆ ನಾನು ಹೇಳುವುದಿಷ್ಟೆ: ಪಡುವಣ ಬಿಸಿಲಿಗೆ ಸಣ್ಣ ಅಡಿಕೆ ಗಿಡ ಸೀಯುವುದನ್ನು ತಪ್ಪಿಸಲು ನೀವು ಸೋಗೆ ಕಟ್ಟುತ್ತೀರಿ. ತೋಟದ ಪಡು ಮಗ್ಗುಲಲ್ಲಿ ಮರವಿದ್ದರೆ ಆ ಕೆಲಸ ಅದೇ ಮಾಡುತ್ತದೆ.

4. ತರಗೆಲೆಗೆ ಕೈ ಹಾಕಬೇಡಿ

ನಾಗತಂಬಿಲದ ಮೊದಲು ಬನ ‘ಚೊಕ್ಕ’ ಮಾಡುವ ರೂಢಿ ಬಂದಿದೆ. ಕಲ್ಲಿನ ಸುತ್ತ, ನಡೆಯುವ ದಾರಿಯಲ್ಲಿ ಗುಡಿಸಿದರೆ ಸಾಕು. ಇಡೀ ಬನದ ತರಗೆಲೆ ಒಟ್ಟುಮಾಡಿ ಅಡಿಕೆ ಬುಡಕ್ಕೆ ಹೊತ್ತರೆ ಮೊಳೆತ ಸಸಿಯೂ ಅದರೊಂದಿಗೇ ಹೋಗುತ್ತದೆ. ಕಾಳಿಂಗ ಗೂಡು ಕಟ್ಟುವುದು ಈ ಎಲೆಯಿಂದಲೇ. ಹಾವುಗಳಲ್ಲಿ ಎಲೆ ಒಟ್ಟಿ ಗೂಡು ಮಾಡಿ ಮೊಟ್ಟೆ ಕಾಯುವುದು ಅದೊಂದೇ. ಬೇಸಿಗೆಯ ಕೊನೆಗೆ ಬನದಲ್ಲಿ ಎಲೆಯ ದಿಬ್ಬ ಕಂಡರೆ ಆ ದಿಕ್ಕಿಗೆ ಹೋಗದಿರಿ, ಮಕ್ಕಳನ್ನೂ ಬಿಡಬೇಡಿ, ಅರಣ್ಯ ಇಲಾಖೆಗೆ ತಿಳಿಸಿ.

5. ಈ ಮರಗಳ ಬೀಜ ಕಾಯುವುದಿಲ್ಲ

ದೂಪದ ಕಾಯಿ ಬೀಳುವುದು ಮಳೆ ಹಿಡಿಯುವ ಹೊತ್ತಿಗೆ. ಬಿದ್ದ ಕೆಲವೇ ದಿನಗಳಲ್ಲಿ ಕಾಯಿ ಸೀಳಿ ಕೆಂಪು ಛಾಯೆಯ ಮೊಳಕೆ ಹೊರಡುತ್ತದೆ. ಹೆಕ್ಕಿ ತಂದು ಚೀಲದಲ್ಲಿ ಕಟ್ಟಿ ಅಟ್ಟಕ್ಕೆ ಹಾಕಿದರೆ ಸತ್ತುಹೋಗುತ್ತದೆ. ಕಿರಾಲ್‌ಬೋಗಿಯ ಎರಡು ರೆಕ್ಕೆಯ ಪುಟ್ಟ ಬೀಜವೂ ಹಾಗೆಯೇ. ಆದ್ದರಿಂದ ತೊಟ್ಟೆಗೆ ಮಣ್ಣು ತುಂಬಿ ಇಡುವ ಕೆಲಸ ಮೇ ತಿಂಗಳಲ್ಲೇ ಮುಗಿದಿರಬೇಕು. ಆ ಮಣ್ಣಿಗೆ ತಾಯಿಮರದ ಬುಡದ ಮಣ್ಣು ಒಂದೊಂದು ಹಿಡಿ ಬೆರೆಸಿ. ಈ ಜಾತಿಯ ಮರಗಳ ಬೇರಿಗೆ ಅಂಟಿ ಬದುಕುವ ಶಿಲೀಂಧ್ರ ಅದರಲ್ಲಿರುತ್ತದೆ. ಅದು ಸಿಕ್ಕ ಸಸಿಗೂ ಸಿಗದ ಸಸಿಗೂ ಬೆಳವಣಿಗೆಯಲ್ಲಿ ಕಣ್ಣಿಗೆ ಕಾಣುವ ವ್ಯತ್ಯಾಸ. ಎರಡು ವರ್ಷ ನೆರಳಲ್ಲೇ ಇರಲಿ.

ತೆಂಗಿಗೂ ಇದೇ ಗುಣ. ಬೀಜವನ್ನು ಒಣಗಿಸಿ ಶೀತಕೋಣೆಯಲ್ಲಿಟ್ಟು ಕಾಪಾಡಲಾಗದು. ಮರವಾಗಿ ನಿಲ್ಲಿಸಿಯೇ ತಳಿ ಉಳಿಸಬೇಕು. ಕಡಬ ತಾಲೂಕಿನ ನೆಟ್ಟಣದ ಬಳಿಯ ಕಿದುವಿನಲ್ಲಿ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯಾದ ಸಿಪಿಸಿಆರ್‌ಐ ಈ ಕೆಲಸ ಮಾಡುತ್ತಿದೆ. ದಕ್ಷಿಣ ಏಷ್ಯಾಕ್ಕಾಗಿ ಇರುವ ಅಂತರರಾಷ್ಟ್ರೀಯ ತೆಂಗಿನ ತಳಿಸಂಗ್ರಹ ಅಲ್ಲಿದೆ. ಮಾಲ್ದೀವ್ಸ್, ಮಾರಿಷಸ್, ಸೇಶೆಲ್ಸ್‌ನಂಥ ಹಿಂದೂ ಮಹಾಸಾಗರದ ದ್ವೀಪಗಳ ತೆಂಗು ನಮ್ಮ ಕಾಡಿನ ಮಗ್ಗುಲಲ್ಲಿ ಸಾಲಾಗಿ ನಿಂತಿವೆ. ಕಡಲು ಏರಿ ಆ ದ್ವೀಪಗಳಲ್ಲಿ ಒಂದು ತಳಿ ಹೋದರೂ ಇಲ್ಲಿ ಅದರ ಬೇರು ಇರುತ್ತದೆ. ದೂರದ ದ್ವೀಪದ ತೆಂಗಿಗೆ ಸಿಕ್ಕ ಈ ಕಾಳಜಿ ನಮ್ಮದೇ ಊರಿನ ದೂಪಕ್ಕೂ ಕಾಟು ಮಾವಿಗೂ ಸಿಗಬೇಕೆಂದು ಆ ದಾರಿಯಲ್ಲಿ ಹೋಗುವಾಗಲೆಲ್ಲ ನನಗೆ ಅನಿಸುತ್ತದೆ.

6. ತೋಡಿಗೆ ಮೈಲುತುತ್ತು ಸೇರದಿರಲಿ

ಕೊಳೆರೋಗಕ್ಕೆ ಬೋರ್ಡೋ ಬಿಡದೆ ಗತಿಯಿಲ್ಲ, ನಾನೂ ಬಿಡುತ್ತೇನೆ. ಆದರೆ ಡ್ರಮ್ಮು, ಪಂಪು, ಪೈಪು ತೊಳೆದ ನೀರು ತೋಡಿಗೆ ಹೋಗಬಾರದು. ತಾಮ್ರ ಗೊದಮೊಟ್ಟೆಗೂ ಮೀನಿಗೂ ವಿಷ. ಮೊದಲ ಸಿಂಪಡಣೆಯ ಕಾಲವೇ ಹಾರುಕಪ್ಪೆಗಳ ಸಂತಾನದ ಕಾಲ: ಕೆರೆಯ ಮೇಲೆ ಬಾಗಿದ ಕೊಂಬೆಯ ಎಲೆಗಳಿಗೆ ಬಿಳಿ ನೊರೆಯ ಗೂಡು ಅಂಟಿಸಿರುತ್ತವೆ, ಮಳೆ ಬಿದ್ದಾಗ ಮರಿಗಳು ತೊಟ್ಟಿಕ್ಕಿ ನೀರಿಗೆ ಇಳಿಯುತ್ತವೆ. ತೋಟದ ಮೇಲ್ಭಾಗದಲ್ಲಿ ಒಂದು ಇಂಗುಗುಂಡಿ ತೆಗೆದು ತೊಳೆದ ನೀರನ್ನು ಅದಕ್ಕೇ ಬಿಡಿ. ತೊಡಿಕಾನದ ಮತ್ಸ್ಯತೀರ್ಥದ ಮೀನಿಗೆ ಅಕ್ಕಿ ಹಾಕುವ ಕೈಗಳು ನಮ್ಮವು. ಮನೆ ಮುಂದಿನ ತೋಡಿನ ಮೀನೂ ಅದೇ ಮರ್ಯಾದೆಗೆ ಅರ್ಹ.

7. ಜೀರ್ಣೋದ್ಧಾರದ ಮೊದಲ ಸಭೆಗೇ ಹೋಗಿ

ಬನಗಳಿಗೆ ಈಗ ಎದುರಾಗಿರುವ ದೊಡ್ಡ ಅಪಾಯ ಭಕ್ತಿಯ ಹೆಸರಿನಲ್ಲೇ ಬರುತ್ತಿದೆ. ಬೇರು ಕಲ್ಲನ್ನು ಎತ್ತಿತು ಎಂದು ಮರ ಕಡಿದು, ಕಾಂಕ್ರೀಟ್ ಕಟ್ಟೆ ಕಟ್ಟಿ, ಟೈಲ್ಸ್ ಹಾಸಿ, ಆವರಣಗೋಡೆ ಎಬ್ಬಿಸಿ, ಮೇಲೆ ಶೀಟು. ನಾಗ ಉಳಿದ, ಬನ ಹೋಯಿತು. ಅಂದಾಜುಪಟ್ಟಿ ತಯಾರಾಗಿ ಹಣ ಸೇರಿದ ಮೇಲೆ ಯಾರೂ ಮಾತು ಕೇಳುವುದಿಲ್ಲ. ಕುಟುಂಬಸ್ಥರು ಮೊದಲ ಬಾರಿ ಕೂತಾಗಲೇ ಹೋಗಿ, ಮರಗಳ ಪಟ್ಟಿ ಕೈಯಲ್ಲಿ ಹಿಡಿದುಕೊಂಡು. ತಂತ್ರಿಗಳ ಬಳಿ ಮುಂಚಿತವಾಗಿ ಮಾತಾಡಿ. ಮರವನ್ನು ಉಳಿಸಿ ಕಲ್ಲು ಸರಿಪಡಿಸುವ ದಾರಿ ಹೇಳುವವರು ಅವರಲ್ಲಿ ಬೇಕಾದಷ್ಟು ಜನ ಇದ್ದಾರೆ. ಅವರ ಬಾಯಿಂದ ಬಂದ ಒಂದು ಮಾತು ನಮ್ಮ ಹತ್ತು ಭಾಷಣಕ್ಕೆ ಸಮ. ಮುರಕಲ್ಲಿನ ಕುಳ್ಳು ಕಟ್ಟೆ, ಸಿಮೆಂಟಿಲ್ಲದ ನೆಲ, ಗೋಡೆಯ ಬದಲು ಜೀವಂತ ಬೇಲಿ, ಇಷ್ಟಕ್ಕೆ ಒಪ್ಪಿಸಿದರೆ ಸಾಕು.

8. ಆನೆಯ ಮಾತು ಬಂದಾಗ ಜನರ ಜೊತೆ ನಿಲ್ಲಿ

2023ರ ಫೆಬ್ರವರಿಯಲ್ಲಿ ಕಡಬದ ರೆಂಜಿಲಾಡಿಯಲ್ಲಿ ಆನೆ ಇಬ್ಬರನ್ನು ಕೊಂದಿತು. ಆ ಮೇಲೆ ಆ ಭಾಗದಲ್ಲಿ ‘ಕಾಡು ಜೋಡಿಸುವ’ ಮಾತಾಡಿದರೆ ಎದುರಿನವರ ಮುಖ ಗಂಟಾಗುವುದು ಸಹಜ. ಮಂಗಟ್ಟೆಗೆ, ಕಪ್ಪೆಗೆ ಬೇಕಾದ ಸಾಲುಮರ ಬೇರೆ, ಆನೆಯ ದಾರಿ ಬೇರೆ ಎಂದು ಬಿಡಿಸಿ ಹೇಳಬೇಕು. ನಸುಕಿಗೆ ಹಾಲಿಗೆ, ಟ್ಯಾಪಿಂಗಿಗೆ ಹೊರಡುವವರ ಜೀವ ಮೊದಲು. ದಾರಿದೀಪ, ಆನೆ ಬಂದ ಸುದ್ದಿ ಊರಿಗೆ ತಕ್ಷಣ ಮುಟ್ಟುವ ವ್ಯವಸ್ಥೆ, ಇವನ್ನು ಕೇಳುವ ಮನವಿಗೆ ನಮ್ಮ ಸಹಿಯೂ ಇರಬೇಕು. ಪಶ್ಚಿಮ ಘಟ್ಟದ ಕುರಿತ ಕಸ್ತೂರಿರಂಗನ್ ವರದಿಯ ಕಾಲದಲ್ಲಿ ನಡೆದದ್ದನ್ನು ನೆನೆಯಿರಿ. ಕರಡು ಅಧಿಸೂಚನೆ ಮತ್ತೆ ಮತ್ತೆ ಬಂತು, ಪ್ರತಿ ಸಲವೂ ಮನೆ ತೋಟ ಹೋಗುತ್ತದೆಂಬ ಭಯ ಊರೂರಿಗೆ ಹಬ್ಬಿತು, 2024ರಲ್ಲಿ ರಾಜ್ಯ ಸಂಪುಟ ವರದಿಯನ್ನು ತಿರಸ್ಕರಿಸಿತು. ಜನರ ಅಂಗಳಕ್ಕೆ ಬಂದು, ಅವರ ಭಾಷೆಯಲ್ಲಿ, ಯಾವ ಸರ್ವೆ ನಂಬರಿನಲ್ಲಿ ಏನು ಮಾಡಬಹುದು ಎಂದು ವಿವರಿಸಿದವರು ಬಹಳ ಕಡಿಮೆ.

9. ಪಾಲುಪಟ್ಟಿಯಲ್ಲಿ ಬನಕ್ಕೊಂದು ಸಾಲು

ಬನಗಳು ಹೋಗುವುದು ಕತ್ತಿಯಿಂದ ಮಾತ್ರ ಅಲ್ಲ, ಕಾಗದದಿಂದಲೂ ಹೋಗುತ್ತವೆ. ಆಸ್ತಿ ಪಾಲಾಗುವಾಗ ಬನ ಒಬ್ಬನ ಪಾಲಿಗೆ ಬೀಳುತ್ತದೆ, ಅವನ ಮಗ ಮಾರುತ್ತಾನೆ, ಕೊಂಡವನಿಗೆ ಅದು ಕಲ್ಲಿರುವ ಒಂದು ಸೆಂಟ್ಸು ಬಿಟ್ಟರೆ ಉಳಿದದ್ದೆಲ್ಲ ಖಾಲಿ ಜಾಗ. ಪಾಲುಪಟ್ಟಿ ಬರೆಯುವಾಗಲೇ ಬನವನ್ನು ಅವಿಭಜಿತವಾಗಿ ಕುಟುಂಬದ ಹೆಸರಿನಲ್ಲಿ ಇಡಿಸಿ. ‘ನಾಗನ ಜಾಗ’ ಎಂದು ಮೋಘಮ್ಮಾಗಿ ಬರೆಸಬೇಡಿ. ವಿಸ್ತೀರ್ಣ ಸೆಂಟ್ಸಿನಲ್ಲಿ, ನಾಲ್ಕು ದಿಕ್ಕಿನ ಗಡಿ, ಗಡಿಗೆ ಗುರುತಾಗಿರುವ ಮರಗಳ ಹೆಸರು, ಸರ್ವೇಯರ್ ಹಾಕಿದ ನಕ್ಷೆ, ಇವೆಲ್ಲ ದಸ್ತಾವೇಜಿನಲ್ಲಿ ಇರಲಿ. ಬನಕ್ಕೆ ಹೋಗುವ ಕಾಲುದಾರಿಯನ್ನೂ ಅದರಲ್ಲೇ ಸೇರಿಸಿ. ದಾರಿ ತಪ್ಪಿದ ಬನಕ್ಕೆ ಮುಂದಿನ ತಲೆಮಾರು ಕಾಲಿಡುವುದಿಲ್ಲ. ನೋಂದಣಿಯಾದ ಪ್ರತಿಯ ಒಂದು ನಕಲು ಕುಟುಂಬದ ಎಲ್ಲ ಕವಲುಗಳ ಮನೆಯಲ್ಲೂ ಇರಬೇಕು, ಬೆಂಗಳೂರಿನಲ್ಲಿ, ಮುಂಬಯಿಯಲ್ಲಿ, ಗಲ್ಫಿನಲ್ಲಿ ಇರುವವರ ಮನೆಯಲ್ಲೂ.