ಪುನರುಕ್ತಿ ದೋಷವೇ? ಕಂಪೈಲರ್ ಮತ್ತು ಕಾವ್ಯಮೀಮಾಂಸೆ: ಒಂದು ಟಿಪ್ಪಣಿ

ಮನುಷ್ಯರು ಬರೆದ ಕ್ರಮವಿಧಿಯನ್ನು ಯಂತ್ರಭಾಷೆಗೆ ಪರಿವರ್ತಿಸುವ ತಂತ್ರಾಂಶವೇ ಕಂಪೈಲರ್. ಇದನ್ನು ಅನುವಾದಕವೆಂದು ಕರೆಯುವುದು ರೂಢಿ. ಆದರೆ ಅದು ಅನುವಾದದ ಜೊತೆಗೆ ಪಠ್ಯವನ್ನು ತಿದ್ದುವ ಕೆಲಸವನ್ನೂ ಮಾಡುತ್ತದೆ. ಈ ತಿದ್ದುವಿಕೆಯ ಮಿತಿ ಯಾವುದು ಎಂಬ ಪ್ರಶ್ನೆಯನ್ನು ಭಾರತೀಯ ಕಾವ್ಯಮೀಮಾಂಸೆಯ ಪುನರುಕ್ತಿ ಪರಿಕಲ್ಪನೆಯ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಪ್ರಸ್ತುತ ಟಿಪ್ಪಣಿಯ ಉದ್ದೇಶ.

ವಾಹನದ ಬ್ರೇಕ್, ಬಟ್ಟೆ ಒಗೆಯುವ ಯಂತ್ರ, ಹೃದಯದ ಪೇಸ್‌ಮೇಕರ್ ಮುಂತಾದವುಗಳೊಳಗೆ ಹುದುಗಿರುವ ಗಣಕಗಳನ್ನು ಎಂಬೆಡೆಡ್ ವ್ಯವಸ್ಥೆಗಳೆನ್ನುತ್ತಾರೆ. ಇಂಥವುಗಳಲ್ಲಿ ಸ್ಮೃತಿಕೋಶವೂ ವಿದ್ಯುತ್ತೂ ಸಾಮಾನ್ಯವಾಗಿ ಮಿತ. ಆದ್ದರಿಂದ ಅನಗತ್ಯವೆಂದು ತೋರಿದ್ದನ್ನು ಕಂಪೈಲರ್ ತೆಗೆದುಹಾಕುತ್ತದೆ. ಒಂದು ಸಂವೇದಕದ ಸ್ಥಿತಿ ಬದಲಾಗುವವರೆಗೂ ಅದನ್ನು ಮತ್ತೆ ಮತ್ತೆ ಓದಬೇಕೆಂದು ಸಿ ಭಾಷೆಯಲ್ಲಿ ಬರೆದಿದೆ ಎನ್ನೋಣ. ಆ ಮೌಲ್ಯವನ್ನು ಬದಲಿಸುವ ವಾಕ್ಯ ಕ್ರಮವಿಧಿಯೊಳಗೆ ಎಲ್ಲಿಯೂ ಇಲ್ಲ. ಹೀಗಾಗಿ ಎರಡನೆಯ ಓದು ಕಂಪೈಲರಿಗೆ ಬರಿಯ ಪುನರುಕ್ತಿ. ಮೊದಲು ಓದಿದ್ದನ್ನೇ ಉಳಿಸಿಕೊಂಡು ಉಳಿದವನ್ನು ಅದು ಕೈಬಿಡಬಹುದು. ಆಗ ಹೊರಗೆ ಸಂವೇದಕ ಬದಲಾದರೂ ಯಂತ್ರಕ್ಕೆ ಅದು ತಿಳಿಯದು.

‘ಕವಿರಾಜಮಾರ್ಗ’ಕ್ಕೆ ಆಕರಗಳಲ್ಲೊಂದಾದ ‘ಕಾವ್ಯಾದರ್ಶ’ದಲ್ಲಿ ದಂಡಿಯು ಹೇಳಿದ್ದನ್ನೇ ಹೇಳುವುದನ್ನು ದೋಷಗಳ ಸಾಲಿಗೆ ಸೇರಿಸುತ್ತಾನೆ. ಆದರೆ ಅನುಕಂಪೆ ಮೊದಲಾದವುಗಳ ಅತಿಶಯ ವಿವಕ್ಷಿತವಾಗಿದ್ದರೆ ಅದು ದೋಷವಲ್ಲ, ಅಲಂಕಾರವೇ ಎಂಬುದು ಅವನ ನಿಲುವು. ಅಂದರೆ ಪುನರುಕ್ತಿಯ ನಿರ್ಣಯ ಪದಗಳಿಂದಲ್ಲ, ವಿವಕ್ಷೆಯಿಂದ. ಸಹೃದಯನು ಈ ವಿವಕ್ಷೆಯನ್ನು ಸಂದರ್ಭದಿಂದ ಗ್ರಹಿಸುತ್ತಾನೆ. ಕಂಪೈಲರಿಗೆ ಆ ಶಕ್ತಿಯಿಲ್ಲ. ಅದಕ್ಕೆ ಬರೆದೇ ತಿಳಿಸಬೇಕು. 1989ರ ಅಮೆರಿಕನ್ ಪ್ರಮಾಣಕವು ಸಿ ಭಾಷೆಗೆ ಸೇರಿಸಿದ ‘ವೊಲಟೈಲ್’ ಎಂಬ ವಿಶೇಷಣದ ಕೆಲಸ ಇದೇ: ಈ ಮೌಲ್ಯ ಹೊರಗಿನಿಂದಲೂ ಬದಲಾಗಬಹುದು, ಇದರ ಒಂದು ಓದನ್ನೂ ಬಿಡಕೂಡದು ಎಂಬ ವಿಧಿ.

ವಿಧಿಯಿದ್ದ ಮಾತ್ರಕ್ಕೆ ಪಾಲನೆಯಾಗುತ್ತದೆ ಎನ್ನುವಂತಿಲ್ಲ. ಯೂಟಾ ವಿಶ್ವವಿದ್ಯಾಲಯದ ಎರಿಕ್ ಐಡ್ ಮತ್ತು ಜಾನ್ ರೆಗೆರ್ 2008ರಲ್ಲಿ 13 ಸಿ ಕಂಪೈಲರುಗಳನ್ನು ಪರೀಕ್ಷಿಸಿ, ಪ್ರತಿಯೊಂದರಲ್ಲಿಯೂ ‘ವೊಲಟೈಲ್’ ನಿರ್ವಹಣೆಯ ತಪ್ಪುಗಳನ್ನು ತೋರಿಸಿಕೊಟ್ಟರು. ಮೂಲಪಠ್ಯ ಶುದ್ಧವಾಗಿದ್ದರೂ ಅನುವಾದ ಅಶುದ್ಧವಾಗಬಹುದೆಂಬುದು ಇದರಿಂದ ವಿದಿತ. ಇದಕ್ಕೆ ಪರಿಹಾರವಾಗಿ ಫ್ರಾನ್ಸಿನ ಝೇವಿಯೆ ಲೆರ್ವಾ ಮತ್ತು ಸಂಗಡಿಗರು ರೂಪಿಸಿದ ‘ಕಾಂಪ್‌ಸರ್ಟ್’ ಕಂಪೈಲರಿನಲ್ಲಿ, ಅನುವಾದದ ಹಂತಗಳು ಮೂಲದ ಅರ್ಥವನ್ನು ಕಾಪಾಡುತ್ತವೆ ಎಂಬುದಕ್ಕೆ ಗಣಕವೇ ಪರಿಶೀಲಿಸಿದ ಗಣಿತಪ್ರಮಾಣವಿದೆ.

ಒಟ್ಟಿನಲ್ಲಿ, ಪಠ್ಯದೊಳಗೆ ಅನಗತ್ಯವಾಗಿ ಕಂಡದ್ದು ಲೋಕವ್ಯವಹಾರದಲ್ಲಿ ಅನಿವಾರ್ಯವಾಗಿರಬಹುದು. ಅನುವಾದದಲ್ಲಿ ಏನನ್ನು ಬಿಡಬಹುದು ಎಂಬ ಚರ್ಚೆಯನ್ನು ಶೈಲಿಯ ಪ್ರಶ್ನೆಯಾಗಿ ಮಾತ್ರ ನೋಡುವ ನಮ್ಮ ಅನುವಾದ ಅಧ್ಯಯನಗಳು ಈ ನಿದರ್ಶನವನ್ನು ಗಮನಿಸುವುದು ಅಗತ್ಯ.