ಇದ್ದಿಲ ಒಲೆಯಲ್ಲಿ ಇಡೀ ಟರ್ಕಿ ಕೋಳಿ: ಕೆಂಡ ಎಲ್ಲಿರಬೇಕು?

ಅಮೆರಿಕದಲ್ಲಿ ನವೆಂಬರ್ ತಿಂಗಳ ನಾಲ್ಕನೆಯ ಗುರುವಾರ ಬರುವ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟಕ್ಕೆ ಟರ್ಕಿ ಕೋಳಿಯನ್ನು ಇಡಿಯಾಗಿ ಬೇಯಿಸುವ ರೂಢಿಯಿದೆ. ಅಲ್ಲಿ ನೆಲೆಸಿದ ಕನ್ನಡಿಗರಲ್ಲಿ ಇದನ್ನು ಹಿತ್ತಲಿನ ಇದ್ದಿಲ ಒಲೆಯಲ್ಲಿ ಮಾಡಲು ಹೊರಡುವವರು, ಊರಿನಲ್ಲಿ ಕೆಂಡದ ಮೇಲೆ ಕೋಳಿ ಸುಡುವ ಕ್ರಮವನ್ನೇ ಇಲ್ಲಿಗೂ ತರುವುದರಿಂದ, ಚರ್ಮ ಸೀದುಹೋಗಿ ತೊಡೆಯ ಮಾಂಸ ಹಸಿಯಾಗಿಯೇ ಉಳಿಯುತ್ತದೆ.

ಒಲೆಯ ಗಾತ್ರವನ್ನು ನೋಡಿಕೊಂಡು 5ರಿಂದ 6 ಕಿಲೋ ತೂಕದ ಕೋಳಿಯನ್ನು ಆರಿಸುವುದು ಲೇಸು. ಅದಕ್ಕಿಂತ ದೊಡ್ಡದು ಕೆಂಡದ ಒಲೆಗೆ ತಕ್ಕುದಲ್ಲ. ಹೆಪ್ಪುಗಟ್ಟಿಸಿ ಮಾರುವ ಕೋಳಿಯು ಫ್ರಿಜ್ಜಿನಲ್ಲಿ ಕರಗಲು ಸುಮಾರು 3 ದಿನ ಬೇಕು. ಕರಗಿದ ಮೇಲೆ ಹೊಟ್ಟೆಯೊಳಗೆ ಇರಿಸಿರುವ ಕತ್ತು, ಗುಂಡಿಗೆ ಮುಂತಾದವುಗಳ ಪೊಟ್ಟಣವನ್ನು ತೆಗೆದು, ನೀರಿನಲ್ಲಿ ತೊಳೆಯದೆ, ಒಣಬಟ್ಟೆಯಿಂದಲೋ ಕಾಗದದಿಂದಲೋ ಒರೆಸಿ, ಹಿಂದಿನ ರಾತ್ರಿಯೇ ಉಪ್ಪು ಸವರಿಡಬೇಕು. ಉಪ್ಪುನೀರು ಸೇರಿಸಿ ಮಾರುವ ಕೋಳಿಗಳೂ ಇರುವುದರಿಂದ ಪೊಟ್ಟಣದ ಮೇಲಿನ ಬರಹವನ್ನು ಮೊದಲು ಓದುವುದು ಅಗತ್ಯ.

ಇನ್ನು ಮುಖ್ಯ ವಿಷಯ. ಕೆಂಡವು ಕೋಳಿಯ ಕೆಳಗೆ ಇರಲೇಬಾರದು. ಇದ್ದಿಲು ಬೂದಿ ಹಿಡಿದ ಮೇಲೆ ಅದನ್ನು ಒಲೆಯ ಎರಡು ಬದಿಗಳಿಗೆ ಸರಿಸಿ, ನಡುವಿನ ಬರಿದಾದ ಜಾಗದಲ್ಲಿ ನೀರು ತುಂಬಿದ ಅಗಲ ತಟ್ಟೆಯನ್ನಿಟ್ಟು, ಅದರ ನೇರ ಮೇಲೆ, ಜಾಲರಿಯ ಮೇಲೆ ಕೋಳಿಯನ್ನು ಎದೆ ಮೇಲಾಗಿ ಕೂರಿಸಿ ಮುಚ್ಚಳ ಹಾಕಬೇಕು. ಪರೋಕ್ಷ ಶಾಖ ಎನ್ನುವುದು ಇದನ್ನೇ: ಮುಚ್ಚಿದ ಒಲೆಯೊಳಗೆ ಸುತ್ತುವ ಬಿಸಿಗಾಳಿಯೇ ಮಾಂಸವನ್ನು ಬೇಯಿಸುತ್ತದೆ, ಸೋರುವ ಕೊಬ್ಬು ಕೆಂಡಕ್ಕೆ ಬೀಳದೆ ತಟ್ಟೆಗೆ ಬೀಳುವುದರಿಂದ ಜ್ವಾಲೆ ಏಳುವುದಿಲ್ಲ. 1952ರಲ್ಲಿ ಷಿಕಾಗೋ ಬಳಿಯ ಜಾರ್ಜ್ ಸ್ಟೀಫನ್ ರೂಪಿಸಿದ ಗುಂಡು ಒಲೆಗೆ ಮುಚ್ಚಳವಿರುವುದು ಈ ಕೆಲಸಕ್ಕೆ ಬಹಳ ಅನುಕೂಲ. ಆದರೆ ಹತ್ತು ನಿಮಿಷಕ್ಕೊಮ್ಮೆ ಅದನ್ನು ಎತ್ತಿ ನೋಡುವವರಿಗೆ ಆ ಅನುಕೂಲ ದಕ್ಕುವುದಿಲ್ಲ, ಏಕೆಂದರೆ ಪ್ರತಿ ಸಲವೂ ಕೂಡಿಟ್ಟ ಶಾಖ ಹೊರಟುಹೋಗಿ ಬೇಯುವ ಕಾಲ ಬೆಳೆಯುತ್ತದೆ. ಒಳಗಿನ ಶಾಖವನ್ನು 165ರಿಂದ 175 ಡಿಗ್ರಿ ಸೆಲ್ಸಿಯಸ್‌ನಲ್ಲಿ ನಿಲ್ಲಿಸಲು ಗಾಳಿಕಿಂಡಿಗಳನ್ನು ಹೊಂದಿಸಿಕೊಳ್ಳಬೇಕು, ಗಂಟೆಗೊಮ್ಮೆ ಎರಡೂ ಬದಿಗೆ ಸ್ವಲ್ಪ ಇದ್ದಿಲು ಹಾಕಬೇಕು. ಮುಚ್ಚಳ ತೆಗೆಯಲು ಇದೊಂದೇ ನೆಪ ಸಾಕು. ರೆಕ್ಕೆಯ ತುದಿಗಳು ಬೇಗ ಕಪ್ಪಾದರೆ ಅಲ್ಯುಮಿನಿಯಂ ಹಾಳೆ ಸುತ್ತಬಹುದು. ಹೊಟ್ಟೆಗೆ ಅನ್ನವನ್ನಾಗಲಿ ಮಸಾಲೆಯ ಹೂರಣವನ್ನಾಗಲಿ ತುಂಬದಿರುವುದು ಕ್ಷೇಮ, ಏಕೆಂದರೆ ಮಾಂಸ ಬೆಂದರೂ ಒಳಗಿನದು ಬೇಯದೆ ಉಳಿಯುವ ಸಂಭವವಿದೆ.

ಎರಡೂವರೆ ಗಂಟೆಯ ಹೊತ್ತಿಗೆ ಪರೀಕ್ಷೆ ಮಾಡಬಹುದು. ಹೊಗೆ ತಾಗಿದ ಮಾಂಸ ಪೂರ್ತಿ ಬೆಂದರೂ ನಸುಗೆಂಪಾಗಿಯೇ ಕಾಣಬಹುದಾದ್ದರಿಂದ ಬಣ್ಣವನ್ನು ನಂಬದೆ, ಎಲುಬಿಗೆ ತಾಗದಂತೆ ತೊಡೆಯ ದಪ್ಪ ಭಾಗಕ್ಕೂ ಎದೆಗೂ ಉಷ್ಣಮಾಪಕವನ್ನು ಚುಚ್ಚಿ, ಎರಡರಲ್ಲಿಯೂ 74 ಡಿಗ್ರಿ ಬಂದಿರುವುದನ್ನು ಖಚಿತಪಡಿಸಿಕೊಳ್ಳಬೇಕು.

ಇಳಿಸಿದ ಮೇಲೆ 20ರಿಂದ 30 ನಿಮಿಷ ಬಿಟ್ಟು ಕೊಯ್ಯಬೇಕು. ಮಳೆ ಬಂತೆಂದು ಉರಿಯುವ ಒಲೆಯನ್ನು ಮನೆಯೊಳಗಾಗಲಿ ಗ್ಯಾರೇಜಿಗಾಗಲಿ ಎಂದೂ ತರಕೂಡದು, ಇದ್ದಿಲಿನಿಂದ ಹೊರಡುವ ಕಾರ್ಬನ್ ಮೊನಾಕ್ಸೈಡ್ ಅನಿಲ ಜೀವ ತೆಗೆಯುತ್ತದೆ. ಉಳಿದ ಮಾಂಸವನ್ನು ಎಲುಬಿನಿಂದ ಬಿಡಿಸಿ ಎರಡು ಗಂಟೆಯೊಳಗೆ ಫ್ರಿಜ್ಜಿನಲ್ಲಿಡಬೇಕು.